ಅವ್ವ ಜಾಗ ಹಿಡಿಯಲು ಹತ್ತಿದ ರೈಲು

ನಾನು ಚಿಕ್ಕವಳಿದ್ದಾಗ ನಮ್ಮ ಕಡೆಯವರು ರೈಲು ಹಿಡಿಯಬೇಕೆಂದರೆ ಹಿಂದಿನ ದಿನವೇ ಹೋಗಿ ಸ್ಟೇಷನ್ನಿನಲ್ಲಿ ಕೂರುತ್ತಿದ್ದರು. ನಗಬೇಡಿ. ಶಹಾಪುರದಿಂದ ಯಾದಗಿರಿಗೆ ಈಗ ನೀವು ಬಸ್ಸಿನಲ್ಲಿ ಒಂದು ಸಣ್ಣ ನಿದ್ದೆ ತೆಗೆಯುವುದರೊಳಗೆ ಬಂದುಬಿಡುತ್ತೀರಿ. ಆಗ ಬಂಡಿ ಕಟ್ಟಿಕೊಂಡು ಭೀಮಾ ನದಿಯ ದಂಡೆಗೆ ಬರಬೇಕು, ಎತ್ತುಗಳನ್ನು ಅಲ್ಲೇ ಗುರುತಿನವರ ಮನೆಯಲ್ಲಿ ಕಟ್ಟಬೇಕು, ಹರಿಗೋಲಿನಲ್ಲಿ ಹೊಳೆ ದಾಟಬೇಕು, ಆಚೆ ದಡದಲ್ಲಿ ಟಾಂಗಾ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಗಂಟು ತಲೆಯ ಮೇಲಿಟ್ಟು ನಡೆಯಬೇಕು. ಹೊಳೆ ತುಂಬಿದ್ದರೆ ಹರಿಗೋಲಿನವನು ದೂರದಿಂದಲೇ ಕೈ ಆಡಿಸಿಬಿಡುತ್ತಿದ್ದ. ನಮ್ಮ ಹೊಳೆಯ ಕಷ್ಟ ರೈಲಿಗೇನು ಗೊತ್ತು? ಅದು ತನ್ನ ಹೊತ್ತಿಗೆ ಬಂದು ತನ್ನ ಹೊತ್ತಿಗೆ ಹೋಗುತ್ತಿತ್ತು. ಹಾಗಾಗಿ ಜನ ಒಂದು ದಿನ ಮೊದಲೇ ಬಂದು, ಮುಸಾಫಿರಖಾನೆಯ ತಗಡಿನ ಚಾವಣಿಯ ಕೆಳಗೆ ಕಂಬಳಿ ಹಾಸಿ, ರೊಟ್ಟಿ ಗಂಟು ಬಿಚ್ಚಿ, ಸಂಸಾರವನ್ನೇ ಹೂಡುತ್ತಿದ್ದರು.

ನಾವೂ ಹಾಗೆಯೇ ಬಂದು ಕೂತಿದ್ದೆವು. ರೈಲಿನಲ್ಲಿ ಹೋಗಬೇಕಾದವಳು ಅಕ್ಕ. ಅವಳನ್ನು ಕಲಬುರ್ಗಿಗೆ ಮುಟ್ಟಿಸಿ ಬರುವವನು ಅಪ್ಪ. ಕಳಿಸಿಕೊಡಲು ಬಂದವಳು ಅವ್ವ. ನಾನು ಅತ್ತು ರಂಪ ಮಾಡಿ ಬಂಡಿ ಹತ್ತಿದವಳು. ದಸರೆ ಮುಗಿದು ಬಿಳಿಜೋಳ ಬಿತ್ತುವ ದಿನಗಳವು. ಬೆಳಿಗ್ಗೆ ಕಣ್ಣು ಬಿಟ್ಟಾಗ ಮೂಗಿಗೆ ಮೊದಲು ಬಡಿದದ್ದು ಕಲ್ಲಿದ್ದಲ ಹೊಗೆ, ಆಮೇಲೆ ಗೋದಾಮಿನ ಶೇಂಗಾ ಚೀಲಗಳ ಒಣ ಮಣ್ಣಿನ ವಾಸನೆ, ಅದರ ಹಿಂದೆ ಯಾರೋ ಕುದಿಸುತ್ತಿದ್ದ ಚಹಾ. ಮನೆಯಲ್ಲಿ ನಮಗೆ ಚಹಾ ಕೊಡುತ್ತಿರಲಿಲ್ಲ. ಅಂದು ಅಪ್ಪ ಕೊಡಿಸಿದ, ನಾಲಿಗೆ ಸುಟ್ಟುಕೊಂಡೆ.

ಅಕ್ಕ ಹೊರಟದ್ದು ಏಕೆಂದು ಹೇಳಬೇಕು. ಅವಳಿಗೆ ತೀರ ಎಳೆತನದಲ್ಲಿ ಮದುವೆ ಮಾಡಿದ್ದರು. ಗಂಡನ ಮನೆಗೆ ಹೋಗುವ ಮೊದಲೇ ಆ ಹುಡುಗ ಕಾಲರಾ ಬಂದು ತೀರಿಕೊಂಡ. ಅವನ ಮುಖ ಕೂಡ ಅಕ್ಕನಿಗೆ ಸರಿಯಾಗಿ ನೆನಪಿರಲಿಲ್ಲ. ಆದರೂ ಅವಳ ಕೈಬಳೆ ತೆಗೆದರು, ಹಣೆಯ ಕುಂಕುಮ ಅಳಿಸಿದರು, ಶುಭಕಾರ್ಯಗಳಲ್ಲಿ ಎದುರಿಗೆ ಬರಬೇಡ ಎಂದರು. ಅಂಥ ಪದ್ಧತಿ ಆಗ ಇತ್ತು. ಕೆಟ್ಟ ಪದ್ಧತಿ, ಈಗಲೂ ನೆನೆದರೆ ಮೈ ಉರಿಯುತ್ತದೆ. ಒಮ್ಮೆ ನಮ್ಮ ಓಣಿಯ ಸಾಹುಕಾರರ ಮನೆಯಲ್ಲಿ ಕಷ್ಟದ ಹೆರಿಗೆ ಆದಾಗ ಕಲಬುರ್ಗಿಯ ಜನಾನಾ ದವಾಖಾನೆಯ, ಅಂದರೆ ಹೆಂಗಸರ ಆಸ್ಪತ್ರೆಯ, ಡಾಕ್ಟರಮ್ಮನನ್ನು ಕರೆಸಿದ್ದರು. ಮನೆಯ ಹೆಂಗಸರೆಲ್ಲ ಕೂಗಾಟ ಕೇಳಿ ಓಡಿಹೋದಾಗ ಬಿಸಿನೀರು, ಬಟ್ಟೆ ಕೊಡುತ್ತ ಕೊನೆಯ ತನಕ ನಿಂತವಳು ಅಕ್ಕ ಒಬ್ಬಳೇ. “ಈ ಹುಡುಗಿ ಕೈ ನಡುಗಂಗಿಲ್ಲ. ನನ್ನ ಕಡಿ ಕಳಸ್ರಿ, ಹೆರಿಗಿ ಮಾಡ್ಸೋದು ಕಲಸ್ತೀನಿ” ಎಂದು ಡಾಕ್ಟರಮ್ಮ ಅಪ್ಪನಿಗೆ ಹೇಳಿಹೋದರು. ಹೊಸ ಹುಡುಗಿಯರನ್ನು ಸೇರಿಸಿಕೊಳ್ಳುವ ದಿನವನ್ನೂ ತಿಳಿಸಿದ್ದರು. ನಾವು ಸ್ಟೇಷನ್ನಿನಲ್ಲಿ ಕೂತಿದ್ದ ದಿನದ ಮರುದಿನವೇ ಅದು.

ಮನೆಯ ಯಜಮಾನ ಅಜ್ಜ, ಅಂದರೆ ಅಪ್ಪನ ಅಪ್ಪ. ಸುದ್ದಿ ಕೇಳಿದಂದಿನಿಂದ ಅವನು ಊಟಕ್ಕೆ ಬಾಯಿ ತೆರೆಯುತ್ತಿದ್ದನೇ ಹೊರತು ಮಾತಿಗೆ ತೆರೆಯಲಿಲ್ಲ. ನಮ್ಮದು ಎಣ್ಣೆಯ ಗಾಣ. ಕೊನೆಗೊಂದು ದಿನ ಗಾಣದ ಎತ್ತು ನಿಲ್ಲಿಸಿ ಹೇಳಿದ: “ಒಂದ ಸಲ ಬಿಡ್ತೀನಿ. ಹೊಳಿ ದಾಟಿದಾಕಿ ರೈಲ ಹತ್ತಲಾರದ ಮನಿಗಿ ತಿರುಗಿ ಬಂದಳಂದ್ರ ಅದು ದೇವರ ಮಾತು. ಮುಂದ ಆ ಸುದ್ದಿ ಈ ಮನ್ಯಾಗ ಯಾರೂ ಎತ್ತಬಾರದು.” ಅಜ್ಜ ಕೆಟ್ಟವನಲ್ಲ. ಆದರೆ ಆಡಿದ ಮಾತನ್ನು ಅವನು ಹಿಂದಕ್ಕೆ ತೆಗೆದುಕೊಂಡದ್ದನ್ನು ಯಾರೂ ಕಂಡಿರಲಿಲ್ಲ. ಆದ್ದರಿಂದ ಅಂದು ರೈಲು ತಪ್ಪುವುದೆಂದರೆ ಬರೀ ರೈಲು ತಪ್ಪುವುದಲ್ಲ ಎಂದು ನನಗೂ ಗೊತ್ತಿತ್ತು.

ನಮ್ಮ ಕಡೆ ಮಗಳು ದೂರ ಹೊರಟರೆ ಬರಿ ಉಡಿಯಲ್ಲಿ ಕಳಿಸುವುದಿಲ್ಲ. ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಒಂದು ರವಿಕೆ ಖಣ ಇಷ್ಟನ್ನು ಸೆರಗಿಗೆ ಹಾಕಿ ಉಡಿ ತುಂಬಿ ಹರಸುತ್ತಾರೆ. ಅಕ್ಕನಿಗೆ ಅದೂ ಇಲ್ಲ. ಗಂಡ ಸತ್ತವಳಿಗೆ ಉಡಿ ತುಂಬುವಂತಿರಲಿಲ್ಲ. ಆದರೆ ಅವ್ವ ರೊಟ್ಟಿ ಗಂಟಿನ ಕೆಳಗೆ ಪುಟ್ಟ ಬುಟ್ಟಿಯೊಂದನ್ನು ಅಡಗಿಸಿಕೊಂಡು ಬಂದಿದ್ದಳು. ಬೆಳಿಗ್ಗೆ ಅದನ್ನು ಕಂಡು ಅಪ್ಪನ ಮುಖ ಬಿಳಿಚಿಕೊಂಡಿತು. “ಅಪ್ಪಗ ಗೊತ್ತಾದ್ರ?” ಎಂದ, ಅಜ್ಜನನ್ನು ನೆನೆದು. ಅವ್ವ ಅದಕ್ಕೆ ಕೊಟ್ಟ ಉತ್ತರವನ್ನು ನಮ್ಮ ಮನೆಯಲ್ಲಿ ಇಂದಿಗೂ ಹೇಳಿಕೊಂಡು ನಗುತ್ತೇವೆ.

ಅದು ತಿಳಿಯಬೇಕಾದರೆ ನಿಮಗೆ ಆ ಸ್ಟೇಷನ್ನಿನ ಸಂಗತಿ ಗೊತ್ತಿರಬೇಕು. ನಾವೆಲ್ಲ ನಿಜಾಮರ ಪ್ರಜೆಗಳು. ನೆಲ ನಿಜಾಮರದು, ಆದರೆ ಅದರ ಮೇಲಿನ ಕಂಬಿ ಇಂಗ್ಲಿಷರ ಕಂಪನಿಯದು. ಅಜ್ಜನ ಅಪ್ಪನ ಕಾಲದಲ್ಲಿ ಕಂಬಿ ಹಾಕಿದರಂತೆ. ಮೊದಲ ಇಂಜಿನ್ನು ಬಂದಾಗ ಜನ ಆರತಿ ತಟ್ಟೆ ಹಿಡಿದು ಹೋಗಿದ್ದರಂತೆ, ಅದು ಭುಸ್ಸೆಂದು ಉಗಿ ಬಿಟ್ಟ ಕೂಡಲೇ ತಟ್ಟೆ ಒಂದು ಕಡೆ, ಪೂಜಾರಿ ಒಂದು ಕಡೆ. ಸ್ಟೇಷನ್ನಿನ ಬೇಲಿಯ ಹೊರಗೆ ನಿಜಾಮರ ಸುಂಕದವನು ಕೂತಿರುತ್ತಿದ್ದ. ಒಳಗೆ ಕಾಲಿಟ್ಟರೆ ಕಂಪನಿಯ ಗಂಟೆ, ಕಂಪನಿಯ ಕಾಯಿದೆ. ಬೇಲಿಯೊಳಗೆ ನಿಜಾಮರ ಪೊಲೀಸನೂ ಕೈ ಹಾಕುವಂತಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಖರೆಯೋ ಸುಳ್ಳೋ, ಅವ್ವನಿಗೆ ಅಷ್ಟು ಸಾಕಿತ್ತು.

“ಈ ಬೇಲಿ ಒಳಗ ಹುಜೂರ ಸರಕಾರದ ಮಾತೇ ನಡಿಯಂಗಿಲ್ಲಂದ್ರ ಮಾವಾರ ಮಾತ ಹೆಂಗ ನಡೀತದ?” ಎಂದಳು ಅವ್ವ. “ಇದು ಯಾರ ಮನೀನೂ ಅಲ್ಲ. ನನ್ನ ಮಗಳ ಉಡಿ ನಾ ತುಂಬಾಕಿ.”

ಆದರೆ ಅವ್ವನಿಗೂ ಒಂದು ಅಡ್ಡಿ ಇತ್ತು. ಮುಸಾಫಿರಖಾನೆಯ ಆಚೆ ಮೂಲೆಯಲ್ಲಿ ನಮ್ಮದೇ ಓಣಿಯ ಮುದುಕಿಯೊಬ್ಬಳು ಎಲೆ ಅಡಿಕೆ ಕುಟ್ಟುತ್ತ ಕೂತಿದ್ದಳು. ಅವಳ ಬಾಯಿಗೆ ಬಿದ್ದ ಮಾತು ಇಂದು ಶಹಾಪುರವಾದರೆ ನಾಳೆ ಸುರಪುರ ಮುಟ್ಟುತ್ತಿತ್ತು. ಆಕೆ ರಾಯಚೂರಿನ ಕಡೆಯ ಗಾಡಿಗೆ ಬಂದವಳು, ಅದು ನಮ್ಮ ಗಾಡಿಗಿಂತ ಸ್ವಲ್ಪ ಮುಂಚೆ. ಆಕೆ ತೊಲಗುವವರೆಗೆ ಅವ್ವ ಬುಟ್ಟಿಯ ಮೇಲೆ ಕೈಯಿಟ್ಟು ಕಾದಳು.

ನನಗೆ ಕಾಯುವುದು ಬೇಸರವಾಗಲೇ ಇಲ್ಲ. ಅಪ್ಪನ ಕೈ ಹಿಡಿದು ಸ್ಟೇಷನ್ನೆಲ್ಲ ತಿರುಗಿದೆ. ಕಂಬಕ್ಕೆ ಒಂದು ತುಂಡು ಕಂಬಿ ತೂಗುಹಾಕಿದ್ದರು. ಅದೇ ಗಂಟೆ, ಅದಕ್ಕೆ ಕಬ್ಬಿಣದಿಂದ ಬಾರಿಸಿದರೆ ಎದೆಯೊಳಗೆ ಸದ್ದಾಗುತ್ತಿತ್ತು. ಇಂಜಿನ್ನಿಗೆ ನೀರು ಕುಡಿಸಲು ಆನೆಯ ಸೊಂಡಿಲಿನಂಥ ತೊಗಲಿನ ಕೊಳವೆ. ಮನುಷ್ಯರಿಗೆ ಹಿಂದೂ ನೀರು ಬೇರೆ, ಮುಸಲ್ಮಾನ ನೀರು ಬೇರೆ, ಎರಡು ಕಡೆ ಎರಡು ಹಂಡೆ. ಎರಡಕ್ಕೂ ನೀರು ಸೇದುತ್ತಿದ್ದುದು ಒಂದೇ ಬಾವಿಯಿಂದ ಎಂದು ಅಪ್ಪ ನನ್ನ ಕಿವಿಯಲ್ಲಿ ಹೇಳಿ ಕಣ್ಣು ಮಿಟುಕಿಸಿದ. ಸ್ಟೇಷನ್ ಮಾಸ್ತರರ ಕೋಣೆಯಲ್ಲಿ ಹಿತ್ತಾಳೆಯ ಯಂತ್ರವೊಂದು ಯಾರೂ ಮುಟ್ಟದೆಯೇ ಕಟಕಟ ಎನ್ನುತ್ತಿತ್ತು. ಅದೇ ತಾರು, ಅಂದರೆ ತಂತಿಯಲ್ಲಿ ಸುದ್ದಿ ಕಳಿಸುವ ಯಂತ್ರ. ಊರ ಹೆಸರು ಬರೆದ ದೊಡ್ಡ ಹಲಗೆಯೂ ಇತ್ತು. ಯಾವ ಯಾವ ಅಕ್ಷರದಲ್ಲಿ ಬರೆದಿದ್ದರೋ ನೆನಪಿಲ್ಲ, ಯಾವುದರಲ್ಲಿ ಬರೆದಿದ್ದರೂ ನನಗಾಗ ಒಂದೇ.

ಅಪ್ಪ ಗಾಣದ ಎಣ್ಣೆ ಡಬ್ಬಗಳನ್ನು ಮಾಲಗಾಡಿಗೆ ಹಾಕಲು ಆಗಾಗ ಗೋದಾಮಿಗೆ ಬರುತ್ತಿದ್ದ. ಹಾಗಾಗಿ “ನನಗ ಈ ಸ್ಟೇಷನ್ ಅಂದ್ರ ಅಂಗೈ ಗೆರಿ ಇದ್ದಂಗ” ಎಂದು ದಾರಿಯುದ್ದಕ್ಕೂ ಜಂಬ ಕೊಚ್ಚಿದ್ದ. ಹೆಂಗಸರು ಕೂರುವ ಜನಾನಾ ಡಬ್ಬಿ ಎಲ್ಲಿ ನಿಲ್ಲುತ್ತದೆ ಎಂದು ಅವ್ವ ಕೇಳಿದಾಗ, ಯಾರನ್ನೂ ವಿಚಾರಿಸದೆ, “ಕಟ್ಟಕಡೀಗಿ. ನಾ ಕಣ್ಣಾರ ನೋಡೀನಿ” ಎಂದ. ಅವನು ಕಣ್ಣಾರೆ ನೋಡಿದ್ದು ಮಾಲಗಾಡಿಯ ಬಾಲದಲ್ಲಿರುವ ಗಾರ್ಡಿನ ಡಬ್ಬಿ. ಜನ ಹತ್ತುವ ಗಾಡಿಯಲ್ಲಿ ಅವನು ಜನ್ಮದಲ್ಲಿ ಕೂತಿರಲಿಲ್ಲ! ನಾವು ಅವನ ಮಾತು ನಂಬಿ, ಟ್ರಂಕು ಗಂಟು ಹೊತ್ತು, ಪ್ಲಾಟ್‌ಫಾರ್ಮಿನ ಕಟ್ಟಕಡೆಗೆ ಹೋಗಿ ಬೇವಿನ ಮರದ ಕೆಳಗೆ ಕೂತೆವು.

ರಾಯಚೂರಿನ ಗಾಡಿ ಬಂತು, ಮುದುಕಿಯನ್ನು ಹೊತ್ತುಕೊಂಡು ಹೋಯಿತು. ಅದರ ಹೊಗೆ ಕರಗುವ ಮೊದಲೇ ಅವ್ವ ಬುಟ್ಟಿ ತೆಗೆದಳು. ಅಕ್ಕ ಪೂರ್ವಕ್ಕೆ ಮುಖ ಮಾಡಿ ಕೂತು ಸೆರಗು ಒಡ್ಡಿದಳು. ಅವಳ ಕೈ ನಡುಗುವುದಿಲ್ಲ ಎಂದಿದ್ದರಲ್ಲ, ಆಗ ನಡುಗುತ್ತಿತ್ತು. ಅವ್ವ ಏನೋ ಮಣಮಣಿಸುತ್ತ ಒಂದು ಹಿಡಿ ಹಾಕಿದಳು, ಎರಡನೆಯದು ಹಾಕಿದಳು, ಮೂರನೆಯ ಹಿಡಿ ಹಾಕುವಾಗ ಇಬ್ಬರೂ ಅಳುತ್ತಿದ್ದರು. ಅಷ್ಟರಲ್ಲಿ ಢಣ್ ಢಣ್ ಎಂದು ಕಂಬಿಯ ಗಂಟೆ ಬಾರಿಸಿತು. ತಿರುಗಿ ನೋಡಿದರೆ ನಮ್ಮ ಗಾಡಿ ಆಗಲೇ ಕಾಣಿಸುತ್ತಿತ್ತು. ಅದು ಗಡಗಡ ಬಂದು ನಿಂತಾಗ ಜನಾನಾ ಡಬ್ಬಿ ಎಲ್ಲಿತ್ತು ಗೊತ್ತೇ? ಇಂಜಿನ್ನಿನ ಹಿಂದೆಯೇ, ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ.

ಈಗ ಅವ್ವ ಒಂದು ತಪ್ಪು ಮಾಡಿದಳು. ಅದನ್ನು ನಮ್ಮ ಕಡೆಯ ಹೆಂಗಸರು ಮಾತ್ರ ಮಾಡಬಲ್ಲರು. ತುಂಬುತ್ತಿರುವ ಉಡಿಯನ್ನು ಅರ್ಧಕ್ಕೆ ಬಿಟ್ಟು ಏಳಬಾರದು, ಎದ್ದರೆ ಕೆಡುಕು. ಜಾಗ ಹಿಡಿಯದೆ ಮೂರನೆಯ ದರ್ಜೆಯಲ್ಲಿ ಹೋಗುವುದಂತೂ ಆಗದ ಮಾತು. ಅವ್ವ ಎರಡನ್ನೂ ಉಳಿಸಲು ನೋಡಿದಳು. “ನೀ ಕೂತಿರು. ಏಳಬ್ಯಾಡ. ನಾ ಜಾಗ ಹಿಡದು ಬಂದು ಮುಗಸ್ತೀನಿ!” 

ಹೀಗೆ ಹೇಳಿ, ಕಂಕುಳಲ್ಲಿ ಅಕ್ಕಿ ಬುಟ್ಟಿ, ಒಂದು ಕೈಯಲ್ಲಿ ಕಂಬಳಿ, ಇನ್ನೊಂದು ಕೈಯಲ್ಲಿ ನನ್ನ ರಟ್ಟೆ ಹಿಡಿದು ಓಡಿದಳು. ಅಪ್ಪ ಟ್ರಂಕು ತಲೆಯ ಮೇಲಿಟ್ಟುಕೊಂಡು ಅರ್ಧ ದಾರಿ ನಮ್ಮ ಹಿಂದೆ ಬಂದ, ಅಕ್ಕ ಒಬ್ಬಳೇ ಎಂದು ನೆನಪಾಗಿ ಅರ್ಧ ದಾರಿ ಹಿಂದೆ ಹೋದ.

ಡಬ್ಬಿಯೊಳಗೆ ಕಾಲಿಡಲು ಜಾಗವಿರಲಿಲ್ಲ. ಮಲ್ಲಿಗೆ, ಬೆವರು, ಮಗುವಿನ ಹಾಲು, ಉಪ್ಪಿನಕಾಯಿ ಎಲ್ಲ ಸೇರಿದ ವಾಸನೆ. ಕಿಟಕಿಯ ಹತ್ತಿರ ಒಬ್ಬ ದಪ್ಪ ಹೆಂಗಸು ತನ್ನ ಗಂಟನ್ನೂ ಒಬ್ಬ ಪ್ರಯಾಣಿಕಳಂತೆ ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ಅವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ಜಗಳಕ್ಕೆ ನಿಂತಳು. ನಿನ್ನ ಗಂಟಿಗೆ ಟಿಕೀಟು ಅದ ಏನು, ನನ್ನ ಮಗಳು ಕಲಬುರ್ಗಿ ತನಕ ನಿಂತು ಹೋಗಬೇಕೇನು ಎಂದು ಒಂದೇ ಸಮನೆ. ಅಂಥ ಜಗಳದಲ್ಲಿ ಗಾರ್ಡಿನ ಸೀಟಿ ಯಾರಿಗೆ ಕೇಳುತ್ತದೆ? ಕೊನೆಗೆ ದಪ್ಪ ಹೆಂಗಸು ಗೊಣಗುತ್ತ ಗಂಟು ಕೆಳಗಿಟ್ಟಳು. ಅವ್ವ ಗೆದ್ದ ಜಾಗಕ್ಕೆ ಕಂಬಳಿ ಹಾಸಿ, ತಟ್ಟಿ, ಸರಿಮಾಡಿ ತಿರುಗುವಷ್ಟರಲ್ಲಿ ಡಬ್ಬಿ ಒಮ್ಮೆ ಜಗ್ಗಿತು. ನಾನು ಅದೇ ಕಂಬಳಿಯ ಮೇಲೆ ದೊಪ್ಪನೆ ಕೂತೆ.

ಅವ್ವ ಬಾಗಿಲಿಗೆ ಓಡಿದಳು. ಹಾರಿಯೇಬಿಡುತ್ತಿದ್ದಳೇನೋ, ಬಾಗಿಲ ಬಳಿ ಕೂತಿದ್ದ ಬುರ್ಖಾದ ಮುದುಕಿಯೊಬ್ಬಳು ಎರಡೂ ಕೈಯಿಂದ ಅವಳ ಸೊಂಟ ಹಿಡಿದಳು. ನಾನು ಕಿಟಕಿಯಿಂದ ನೋಡಿದೆ. ಅಪ್ಪ ತಲೆಯ ಮೇಲಿನ ಟ್ರಂಕನ್ನೂ ಇಳಿಸದೆ ಕೂಗುತ್ತ ಓಡಿಬರುತ್ತಿದ್ದ. ಅವನ ಹಿಂದೆ, ಬಹಳ ದೂರದಲ್ಲಿ, ಬೇವಿನ ಮರದ ಕೆಳಗೆ ಅಕ್ಕ ಸೆರಗು ಒಡ್ಡಿಕೊಂಡು ಹಾಗೆಯೇ ಕೂತಿದ್ದಳು. ಹೋಗಬೇಕಾದವಳು ನೆಲದ ಮೇಲೆ, ಕಳಿಸಲು ಬಂದವರು ರೈಲಿನಲ್ಲಿ.

“ಮಾವಾರ ಮಾತ ಖರೆ ಆತಲ್ಲ! ನಾನೇ ನನ್ನ ಕೈಯಾರ ಖರೆ ಮಾಡಿದ್ನಲ್ಲ!” ಎಂದು ಅವ್ವ ಹಣೆ ಬಡಿದುಕೊಂಡು ಅತ್ತಳು.

“ರೋ ನಕ್ಕೋ ಬೇಟಿ, ಅಳಬ್ಯಾಡವ್ವ” ಎಂದಳು ಆ ಮುದುಕಿ, ಅರ್ಧ ದಖ್ಖನಿಯಲ್ಲಿ ಅರ್ಧ ಕನ್ನಡದಲ್ಲಿ. “ಮುಂದಿನ ಸ್ಟೇಷನ್ನಾಗ ಇಳಿ. ಗಾಡಿ ಏನ ಇದೊಂದ ಅದ ಏನು? ಅಲ್ಲಾ ಇನ್ನೊಂದ ಕಳಸ್ತಾನ.” ತನ್ನ ಪಾನದಾನಿ ತೆರೆದು ಅವ್ವನಿಗೆ ಎಲೆ ಮಡಿಸಿಕೊಟ್ಟಳು. ಜಗಳ ಆಡಿದ್ದ ದಪ್ಪ ಹೆಂಗಸು ತಾನೇ ಎದ್ದು ಅವ್ವನನ್ನು ಕಿಟಕಿಯ ಬಳಿ ಕೂರಿಸಿದಳು.

ನಿಮಗೊಂದು ನಿಜ ಹೇಳಲೇ? ಅವ್ವ ಅಷ್ಟು ಅಳುತ್ತಿದ್ದರೂ ನನಗೆ ಒಳಗೊಳಗೇ ಹಿಗ್ಗು. ನಾನು ರೈಲಿನಲ್ಲಿದ್ದೆ! ಯಾದಗಿರಿಯ ಗುಡ್ಡ, ಗುಡ್ಡದ ಮೇಲಿನ ಕೋಟೆ ನಿಧಾನವಾಗಿ ಹಿಂದೆ ತಿರುಗಿದವು. ತಾರಿನ ಕಂಬಗಳು ಒಂದರ ಹಿಂದೊಂದು ಓಡಿದವು. ಹೊಲದಲ್ಲಿ ಕೂರಿಗೆ ಹೂಡಿದವರು ನಿಂತು ಕೈಬೀಸಿದರೆ ನಾನೂ ಬೀಸಿದೆ. ಕಣ್ಣಿಗೆ ಕಲ್ಲಿದ್ದಲ ಪುಡಿ ಬಿದ್ದು ನೀರು ಬಂದದ್ದನ್ನು ಕಂಡು ದಪ್ಪ ಹೆಂಗಸು ಪಾಪ ಎಂದು ನನಗೊಂದು ಬೆಲ್ಲದ ತುಂಡು ಕೊಟ್ಟಳು.

ಗಾಡಿ ನಾಲವಾರದಲ್ಲಿ ನಿಂತಿತು. ನಿಲ್ಲುವ ಮೊದಲೇ ಕೆಂಪು ಪೇಟದ ಸ್ಟೇಷನ್ನಿನ ಆಳೊಬ್ಬ ಡಬ್ಬಿಗಳುದ್ದಕ್ಕೂ ಕೂಗುತ್ತ ಬಂದ: “ಹಸರ ಸೀರಿ, ಕಂಕಳದಾಗ ಅಕ್ಕಿ ಬುಟ್ಟಿ, ಜೋಡಿಗಿ ಒಂದ ಹುಡುಗಿ! ಯಾರದೀರಿ, ಇಳೀರಿ!” ಅವ್ವ ಬಾಯಿ ತೆರೆದು ನನ್ನನ್ನು ನೋಡಿದಳು. “ನಿಮ್ಮಪ್ಪ ನಮಗಿಂತ ಮುಂದ ಓಡಿ ಬಂದಾನೇನ?” ಎಂದು ಕೇಳಿದಳು. ಓಡಿ ಬಂದದ್ದು ತಾರು. ಯಾದಗಿರಿಯ ಮಾಸ್ತರರು ಆ ಕಟಕಟ ಯಂತ್ರದಲ್ಲಿ ನಮ್ಮ ಗುರುತನ್ನು ನಮಗಿಂತ ಮೊದಲೇ ಮುಟ್ಟಿಸಿದ್ದರು.

ನಾಲವಾರದ ಮಾಸ್ತರರು ಧೋತರದ ಮೇಲೆ ಕರಿಯ ಕೋಟು ತೊಟ್ಟವರು. ಟಿಕೀಟು ಇಲ್ಲದ ನಮ್ಮನ್ನು ಬೈಯುತ್ತಾರೆಂದು ನಾನು ಅವ್ವನ ಹಿಂದೆ ಅಡಗಿದೆ. ಅವರು ಬೈಯಲಿಲ್ಲ. ಯಾದಗಿರಿ ಕಡೆ ಹೋಗುವ ಗಾಡಿ ಮಧ್ಯಾಹ್ನ ಬರುತ್ತದೆ, ಅದರಲ್ಲಿ ಕೂರಿಸಿ ಕಳಿಸುತ್ತೇನೆ ಎಂದರು. ಕಂಬಿ ಒಂದೇ ಜೊತೆ ಆದ್ದರಿಂದ ಯಾದಗಿರಿಯಿಂದ ಬರುವ ಗಾಡಿಯೂ ಆಗ ಇಲ್ಲೇ ಬಂದು, ಪ್ಲಾಟ್‌ಫಾರ್ಮಿನ ಮತ್ತೊಂದು ಬದಿಗೆ ನಿಂತು, ನಮ್ಮದಕ್ಕೆ ದಾರಿ ಬಿಡಬೇಕಂತೆ.

“ಅದರಾಗ ನನ್ನ ಮಗಳು ಇರ್ತಾಳೇನ್ರಿ?” ಎಂದು ಅವ್ವ ಕೇಳಿದಳು. “ತಾರಿನ್ಯಾಗ ಒಂದ ಮಾತು ಕೇಳ್ರಿ ಸಾಹೇಬ್ರ.”

“ತಾರು ಗಾಡಿ ನಡಸಾಕ ಅದವ್ವ, ಮನಿ ಮಾತಿಗಲ್ಲ. ನಿಮ್ಮ ಸಲುವಾಗಿ ಒಮ್ಮಿ ಬಾರಿಸಿದ್ದೇ ಹೆಚ್ಚು” ಎಂದರು ಅವರು. ಆದರೂ ನಮ್ಮಿಬ್ಬರಿಗೂ ತಮ್ಮ ಹೂಜಿಯಿಂದಲೇ ನೀರು ಕೊಡಿಸಿದರು.

ಅಂದಿನ ಮಧ್ಯಾಹ್ನದಷ್ಟು ಉದ್ದದ ಮಧ್ಯಾಹ್ನವನ್ನು ನಾನು ಮತ್ತೆ ಕಂಡಿಲ್ಲ. ಕೆಂಪು ಪೇಟದವನ ಹೆಂಡತಿ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ತಂದುಕೊಟ್ಟಳು. ನಾನು ತಿಂದೆ, ಅವ್ವ ಮುಟ್ಟಲಿಲ್ಲ. ಬುಟ್ಟಿಯಲ್ಲಿ ಉಳಿದ ಅಕ್ಕಿಯ ಮೇಲೆ ಖಣ ಮುಚ್ಚಿ ಮಡಿಲಲ್ಲಿಟ್ಟುಕೊಂಡು ಕಂಬಿಯನ್ನೇ ನೋಡುತ್ತಿದ್ದಳು. “ನಿಮ್ಮಪ್ಪಂದು ಮೆತ್ತಗಿನ ಜೀವ. ಎತ್ತು ಒಂದ ಹೆಜ್ಜಿ ಹಿಂದಿಟ್ರ ಆತ ಎರಡ ಹೆಜ್ಜಿ ಹಿಂದಿಡತಾನ. ಇಷ್ಟೊತ್ತಿಗೆ ಆಕೀನ ಕರಕೊಂಡು ಹರಗೋಲ ಹತ್ತ್ಯಾನ ನೋಡು” ಎಂದಳು. ನನಗೂ ಹಾಗೇ ಅನ್ನಿಸಿತು. ಅಕ್ಕ ಹೊಳೆ ದಾಟಿ, ಅಜ್ಜನ ಎದುರು ತಲೆ ತಗ್ಗಿಸಿ, ಮತ್ತೆ ಒಳಮನೆಯ ಕತ್ತಲೆಗೆ ಹೋಗುವುದನ್ನು ನೆನೆದು ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟೆ. ರೈಲಿನ ಖುಷಿಯೆಲ್ಲ ಅಲ್ಲಿಗೆ ಮುಗಿಯಿತು.

ಕಡೆಗೂ ನಮ್ಮ ಗಾಡಿ ಬಂತು. ಹತ್ತಿ ಎಂದರೆ ಅವ್ವ ಹತ್ತಲೊಲ್ಲಳು. ಎದುರಿನ ಗಾಡಿ ಬರಲಿ, ಅದರ ಕಿಟಕಿಗಳನ್ನೆಲ್ಲ ನೋಡಿದ ಮೇಲೇ ಹತ್ತುವುದು ಎಂದಳು. ದೂರದಲ್ಲಿ ಸಿಗ್ನಲ್ಲಿನ ಕೈ ಬಾಗಿತು. ಹೊಗೆ ಕಂಡಿತು. ಇಂಜಿನ್ನು ನಮ್ಮನ್ನು ದಾಟಿತು. ಡಬ್ಬಿಗಳು ಒಂದೊಂದಾಗಿ ನಿಧಾನವಾಗಿ ಜಾರುತ್ತ ಬಂದವು, ಗುರುತಿಲ್ಲದ ಮುಖಗಳು, ಮತ್ತೆ ಗುರುತಿಲ್ಲದ ಮುಖಗಳು. ಅವ್ವನ ಉಗುರು ನನ್ನ ಅಂಗೈಯೊಳಗೆ ಇಳಿದಿತ್ತು. ಆಗ ಗಂಡಸರ ಡಬ್ಬಿಯೊಂದರಿಂದ ಅರ್ಧ ಮೈ ಹೊರಗೆ ಚಾಚಿ, ಬಿಚ್ಚಿದ ರುಮಾಲನ್ನು ಬಾವುಟದಂತೆ ಬೀಸುತ್ತ ಅಪ್ಪ ಕಾಣಿಸಿದ. “ಮುಂದ! ಮುಂದಿನ ಡಬ್ಬಿ!” ಎಂದು ಕೂಗಿದ. ಈ ಸಲ ಅವನ ಮಾತು ಸರಿಯಾಗಿತ್ತು.

ಅಕ್ಕ ಕಿಟಕಿಯಲ್ಲೇ ಇದ್ದಳು. ಬೆಳಗಿನಿಂದ ಉಡಿ ಬಿಚ್ಚಿರಲಿಲ್ಲ. ಸೆರಗಿನ ಎರಡೂ ತುದಿಯನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದಳು.

ಅವ್ವ ಕಿಟಕಿಗೆ ಹಾರಿದಳು. ಕೆಂಪು ಪೇಟದವನು ಎಲ್ಲಿದ್ದನೋ ಓಡಿಬಂದು ಡಬ್ಬಿಯ ಬಾಗಿಲಿಗೆ ಅಡ್ಡ ನಿಂತ. “ಹತ್ತಬ್ಯಾಡ್ರಿ ಯವ್ವಾ, ಕೈ ಮುಗೀತೀನಿ! ನಿಂತಲ್ಲೇ ತುಂಬ್ರಿ!” ಎಂದ. ಅವ್ವ ನಿಂತಲ್ಲೇ ತುದಿಗಾಲಲ್ಲಿ ನಿಂತು ನಾಲ್ಕನೆಯ ಹಿಡಿ ಹಾಕಿದಳು, ಐದನೆಯದು ಹಾಕಿದಳು, ಕೊಬ್ಬರಿ, ಉತ್ತತ್ತಿ, ಅರಿಶಿನ ಹಾಕಿ, ಖಣ ಇಟ್ಟಳು. ಡಬ್ಬಿಯ ಹೆಂಗಸರೆಲ್ಲ ಇತ್ತ ತಿರುಗಿದ್ದರು. ಅವರ ಕಣ್ಣು ಅಕ್ಕನ ಬರಿ ಹಣೆಯ ಮೇಲೆ, ಬರಿ ಕೈಗಳ ಮೇಲೆ ಬಿತ್ತು, ಮಾತು ನಿಂತುಹೋಯಿತು. ಯಾರಾದರೂ ಏನಾದರೂ ಅಂದುಬಿಡುತ್ತಾರೆಂದು ನನಗೆ ಹೆದರಿಕೆಯಾಯಿತು. ಅಷ್ಟರಲ್ಲಿ ಅಕ್ಕನ ಪಕ್ಕದಲ್ಲಿದ್ದ ಹಣ್ಣುಮುದುಕಿ, “ಮಕ ನೋಡ್ಕೋತ ಏನ ಕುಂತೀರಿ? ಹೆಣ್ಣಮಗಳು ದೂರ ಹೊಂಟಾಳ” ಎಂದು ಗದರಿ, ಕಿಟಕಿಯಿಂದ ಕೈ ಚಾಚಿ ಬುಟ್ಟಿಯಲ್ಲಿ ಉಳಿದಿದ್ದ ಅಕ್ಕಿ ಕಾಳುಗಳನ್ನು ಬಳಿದುಕೊಂಡು ಅಕ್ಕನ ಉಡಿಗೆ ಹಾಕಿದಳು. ಅವಳ ಹಿಂದೆ ಇನ್ನೊಂದು ಕೈ ಬಂತು. ಅಕ್ಕಿ ಸಿಗದ ಒಬ್ಬಳು ತನ್ನ ಗಂಟಿನಿಂದ ಹಿಡಿ ಶೇಂಗಾ ತೆಗೆದು ಹಾಕಿದಳು. ಅಕ್ಕ ನಗುತ್ತಿದ್ದಳು, ಅಳುತ್ತಿದ್ದಳು. ಸೀಟಿ ಊದಿತು. ಅವ್ವನ ಕಾಲು ನೆಲದ ಮೇಲೇ ಇತ್ತು, ಅಕ್ಕನ ರೈಲು ಹೊರಟಿತು.

ನಾವು ನಮ್ಮ ಗಾಡಿ ಹತ್ತಿ ಯಾದಗಿರಿಗೆ ಬಂದು ಸ್ಟೇಷನ್ನಿನಲ್ಲೇ ಅಪ್ಪನಿಗಾಗಿ ಕಾದೆವು. ಬೆಳಿಗ್ಗೆ ಅಲ್ಲಿ ಏನಾಯಿತೆಂದು ಅಪ್ಪ ಮರುದಿನ ಕಲಬುರ್ಗಿಯಿಂದ ಬಂದ ಮೇಲೆ ಹೇಳಿದ. ನಮ್ಮ ಗಾಡಿ ಹೋದ ಮೇಲೆ ಅವನು ಮಾಸ್ತರರ ಕೈಕಾಲು ಹಿಡಿದು ತಾರು ಮಾಡಿಸಿ, ಬೇವಿನ ಮರದ ಕೆಳಗೆ ಬಂದು, “ಏಳು ಮಗಳ, ದೇವರಿಗೆ ಮನಸಿಲ್ಲ, ಮನಿಗಿ ಹೋಗೂನು” ಎಂದನಂತೆ. ಅಕ್ಕ ಅಲುಗಲಿಲ್ಲ. ಅವ್ವ ಕೂತಿರು ಅಂದಾಳ, ಉಡಿ ಮುಗಿಯೋತನ ಏಳಂಗಿಲ್ಲ ಎಂದಳು. ಬಿಸಿಲು ಏರಿತು, ಏಳಲಿಲ್ಲ. ಅಪ್ಪ ನೀರು ತಂದ, ಕೂತೇ ಕುಡಿದಳು. ಮಧ್ಯಾಹ್ನದ ಗಾಡಿಯ ಗಂಟೆ ಬಾರಿಸಿದಾಗ ಮಾತ್ರ ಸೆರಗು ಗಟ್ಟಿಯಾಗಿ ಹಿಡಿದು ತಾನಾಗಿಯೇ ಎದ್ದಳು. “ಈಗ ಹೆಂಗ ಎದ್ದಿ?” ಎಂದು ಅಪ್ಪ ಕೇಳಿದ. “ಅವ್ವ ಮುಂದದಾಳ. ಮುಂದ ಹೋಗಾಕ ಏಳತೀನಿ. ಹಿಂದ ಹೋಗಾಕ ಏಳಂಗಿಲ್ಲ” ಎಂದಳಂತೆ. ಇದನ್ನು ಹೇಳುವಾಗ ಅಪ್ಪ ಒಂದೆರಡು ಸಲ ಮೂಗು ಒರೆಸಿಕೊಂಡ.

ಮೂವರೂ ಊರಿಗೆ ಬಂದಾಗ ಅಜ್ಜ ಗಾಣದ ಬಳಿಯೇ ಇದ್ದ. “ಹತ್ತಿದಳೇನು?” ಎಂದ. “ಹತ್ತಿದಳ್ರಿ” ಎಂದಳು ಅವ್ವ. ಅಜ್ಜ ಮತ್ತೆ ಎತ್ತು ಹೊಡೆದ. ಉಡಿಯ ಸುದ್ದಿ ಅವನಿಗೆ ಯಾವಾಗ ಗೊತ್ತಾಯಿತೋ, ಗೊತ್ತಾಗಲೇ ಇಲ್ಲವೋ ನನಗೆ ತಿಳಿಯದು.

ಅಕ್ಕ ಕಲಿತು ಬಂದಳು. ನಿಜಾಮರ ಆಳ್ವಿಕೆ ಮುಗಿದು, ನಾಡು ಬದಲಾಗಿ, ಅವಳು ನಮ್ಮ ತಾಲೂಕಿನ ದವಾಖಾನೆಗೇ ಸೂಲಗಿತ್ತಿಯಾಗಿ ಬಂದಳು. ಸುತ್ತಮುತ್ತ ಅವಳು ಹೆರಿಗೆಗೆ ಹೋಗದ ಊರಿರಲಿಲ್ಲ. ದೂರದ ಊರಿನಿಂದ ಕರೆ ಬಂದರೆ ಬಂಡಿ ಹೂಡುತ್ತಿದ್ದವನು ಅಜ್ಜನೇ. ಮುದಿವಯಸ್ಸಿನಲ್ಲಿ ಕಣ್ಣು ಮಂಜಾದರೂ ಮೊಮ್ಮಗಳ ಬಂಡಿಯನ್ನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಶುಭಕಾರ್ಯಕ್ಕೆ ಎದುರು ಬರಬಾರದು ಎಂದಿದ್ದ ಮನೆಗಳಲ್ಲೇ ಕೂಸನ್ನು ಎಲ್ಲರಿಗಿಂತ ಮೊದಲು ಎತ್ತಿಕೊಂಡದ್ದು ಅವಳ ಕೈ.

ನಾನೀಗ ಯಾದಗಿರಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಸ್ಟೇಷನ್ನು ಹತ್ತಿರವೇ. ಕಲ್ಲಿದ್ದಲ ಇಂಜಿನ್ನು ಹೋಗಿ ಕರೆಂಟಿನ ಗಾಡಿ ಬಂದಿದೆ. ಎರಡು ಹಂಡೆಗಳು ಹೋಗಿ ಎಲ್ಲರಿಗೂ ಒಂದೇ ನಲ್ಲಿ. ಡಬ್ಬಿ ಎಲ್ಲಿ ನಿಲ್ಲುತ್ತದೆಂದು ದೀಪದ ಅಕ್ಷರಗಳೇ ತೋರಿಸುತ್ತವೆ, ಅಪ್ಪನನ್ನು ಕೇಳಬೇಕಿಲ್ಲ. ಈಚೆಗೆ ಮದುವೆಯೊಂದಕ್ಕೆ ಬೆಂಗಳೂರಿಗೆ ಹೋದಾಗ ಮೊಮ್ಮಕ್ಕಳು ನನ್ನನ್ನು ಮೆಟ್ರೋ ಹತ್ತಿಸಿದರು. ಮುಂದಿನ ಸ್ಟೇಷನ್ ಯಾವುದು, ಬಾಗಿಲು ಎಡಕ್ಕೋ ಬಲಕ್ಕೋ ಎಂದು ಒಬ್ಬ ಹೆಣ್ಣುಮಗಳ ದನಿ ಕನ್ನಡದಲ್ಲೇ ಹೇಳುತ್ತಿತ್ತು. ಬಾಗಿಲುಗಳು ತಾವೇ ಮುಚ್ಚಿಕೊಂಡಾಗ ನಾನು ನಕ್ಕುಬಿಟ್ಟೆ. ಅವ್ವನನ್ನು ಇದರಲ್ಲಿ ಜಾಗ ಹಿಡಿಯಲು ಬಿಟ್ಟಿದ್ದರೆ ಊರೆಲ್ಲ ಸುತ್ತಿಬರುತ್ತಿದ್ದಳು.

ನನ್ನ ಮೊಮ್ಮಗಳೊಬ್ಬಳು ದಿನವೂ ಬೆಳಿಗ್ಗೆ ರೈಲಿನಲ್ಲಿ ಕಲಬುರ್ಗಿಯ ಕಾಲೇಜಿಗೆ ಹೋಗಿ ಸಂಜೆ ಬರುತ್ತಾಳೆ. ಅವಳು ಮನೆ ಬಿಡುವುದೇ ಗಾಡಿ ಬರುವ ಹೊತ್ತಿಗೆ, ಜಡೆ ಹಾಕಿಕೊಳ್ಳುತ್ತ. ಮೊನ್ನೆ ಹೋದವಳು ಹೋದ ಹಾಗೇ ತಿರುಗಿ ಬಂದಳು. “ರೈಲು ತಪ್ತು ಅಜ್ಜಿ. ನಾಳಿ ಹೋದ್ರ ಆತು” ಎಂದು ಚೀಲವನ್ನು ಮೂಲೆಗೆ ಎಸೆದು, ಅಡುಗೆಮನೆಗೆ ಹೋಗಿ ರೊಟ್ಟಿ ಮುರಿದುಕೊಂಡು ತಿನ್ನತೊಡಗಿದಳು. ಅವಳ ಅಪ್ಪ ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ.

“ಆತವ್ವ, ನಾಳಿ ಹೋಗು” ಎಂದೆ ನಾನೂ. ಅಷ್ಟು ಸಣ್ಣ ಮಾತು ಹೇಳುವಷ್ಟರಲ್ಲಿ ನನ್ನ ಕಣ್ಣು ತುಂಬಿಬಂತು. ನನ್ನ ಅಕ್ಕನಿಗೆ ಅಂಥದೊಂದು ನಾಳೆ ಇರಲಿಲ್ಲ.

“ರೈಲು ತಪ್ಪಿದ್ದು ನನಗ, ಅಳಾಕತ್ತಾಕಿ ನೀನು!” ಎಂದು ಹುಡುಗಿ ನಕ್ಕಳು. ಏಕೆ ಎಂದು ಅವಳು ಕೇಳಿದಳು. ಅದಕ್ಕೇ ಇದನ್ನೆಲ್ಲ ಹೇಳಿದೆ.